ತೋಟದ ಮನೆಯಲ್ಲಿ ಇಲಿ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಹಿಡುವಳಿಯಲ್ಲಿ ಮನೆ, ಕೊಟ್ಟಿಗೆ, ಕೋಳಿ ಗೂಡು, ಕಾಳಿನ ಕೋಣೆ, ತಿಪ್ಪೆ ಎಲ್ಲವೂ ಕೂಗಳತೆಯೊಳಗೇ ಇರುತ್ತವೆ. ಇಲಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಮಕ್ಕಳು, ನಾಯಿ, ಕೋಳಿ ಓಡಾಡುವುದೂ ಇದೇ ಅಂಗಳದಲ್ಲಿ, ಹಾಗಾಗಿ ವಿಷ ಇಡುವುದಕ್ಕೆ ಇದಕ್ಕಿಂತ ಅಪಾಯದ ಜಾಗವೂ ಇಲ್ಲ. ಕೆಳಗಿನ ಉತ್ತರಗಳೆಲ್ಲ ಒಂದೇ ಕ್ರಮ ಹಿಡಿದು ಹೋಗುತ್ತವೆ: ಮೊದಲು ಇಲಿಯ ಊಟ ನಿಲ್ಲಿಸಿ, ಆಮೇಲೆ ಬೋನು ಇಡಿ, ವಿಷದ ಯೋಚನೆ ಕೊನೆಗಿರಲಿ.

## ಮೊದಲು ತಿಳಿಯಬೇಕಾದದ್ದು

ನಮ್ಮಲ್ಲಿರೋದು ಸಣ್ಣ ಇಲಿನಾ, ದೊಡ್ಡ ಇಲಿನಾ? ನೋಡದೆ ಹೇಗೆ ಗೊತ್ತಾಗುತ್ತೆ?

ಹಿಕ್ಕೆ ನೋಡಿ. ಅಕ್ಕಿ ಕಾಳಿನಷ್ಟು, ಅಂದರೆ 3ರಿಂದ 6 ಮಿಲಿಮೀಟರ್ ಇದ್ದರೆ ಮನೆಯ ಸಣ್ಣ ಇಲಿ. ಸುಮಾರು 12 ಮಿಲಿಮೀಟರ್ ಇದ್ದು ಎರಡೂ ತುದಿ ಚೂಪಾಗಿದ್ದರೆ ಕರಿ ಇಲಿ. ಅದು ಜಂತಿ, ಅಟ್ಟ, ಮರಗಳ ಮೇಲೆ ಓಡಾಡುತ್ತದೆ. 20 ಮಿಲಿಮೀಟರ್‌ವರೆಗೆ ಉದ್ದವಿದ್ದು ತುದಿ ಮೊಂಡಾಗಿದ್ದರೆ ನೆಲದಲ್ಲಿ ಬಿಲ ತೋಡುವ ಕಂದು ಇಲಿ. ಬಿಲದ ಬಾಯಲ್ಲಿ ಮಣ್ಣು ಗುಡ್ಡೆಯಾಗಿ ಬಿದ್ದಿದ್ದರೆ ಹೆಗ್ಗಣ ಇರಬಹುದು.

ಇದನ್ನು ತಿಳಿದುಕೊಳ್ಳುವುದು ಬೋನಿನ ಸಲುವಾಗಿ. ಸಣ್ಣ ಇಲಿಯ ಬೋನು ದೊಡ್ಡದನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ. ಜಂತಿಯ ಮೇಲೆ ಓಡಾಡುವ ಇಲಿಗೆ ನೆಲದ ಮೇಲೆ ಬೋನು ಇಟ್ಟರೆ ತಿಂಗಳಾದರೂ ಬೀಳುವುದಿಲ್ಲ.

ಒಂದೇ ಒಂದು ಇಲಿ ಕಂಡಿತು. ಅಷ್ಟಕ್ಕೇ ತಲೆ ಕೆಡಿಸಿಕೊಳ್ಳಬೇಕಾ?

ರಾತ್ರಿ ಒಂದು ಕಂಡರೆ ಗಾಬರಿ ಬೇಡ, ಆದರೆ ಅದೇ ವಾರ ಕೆಲಸ ಶುರುಮಾಡಿ. ಇಲಿ ಗಬ್ಬ ಧರಿಸಿ 21ರಿಂದ 23 ದಿನಕ್ಕೆ ಈಯುತ್ತದೆ, ಒಂದು ಸೂಲಿಗೆ 6ರಿಂದ 10 ಮರಿ. ಈದ ಒಂದೆರಡು ದಿನದಲ್ಲೇ ಮತ್ತೆ ಗಬ್ಬವಾಗಬಲ್ಲದು. ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಹಗಲು ಹೊತ್ತಿನಲ್ಲೇ ಅಂಗಳದಲ್ಲಿ ಓಡಾಡುತ್ತಿದ್ದರೆ ಸಂಖ್ಯೆ ಬಹಳ ಏರಿದೆ ಎಂದೋ, ಯಾರೋ ಅವುಗಳ ನೆಲೆ ಕೆದಕಿದ್ದಾರೆ ಎಂದೋ ತಿಳಿಯಬೇಕು.

ಎಷ್ಟು ಇವೆ, ಎಲ್ಲೆಲ್ಲಿ ಓಡಾಡ್ತಾವೆ ಅಂತ ಪತ್ತೆ ಮಾಡೋದು ಹೇಗೆ?

ನಿಖರ ಸಂಖ್ಯೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಯಾವ ಬಿಲದಲ್ಲಿ ಜೀವವಿದೆ ಎಂಬುದು ಗೊತ್ತಾದರೆ ಸಾಕು. ಸಂಜೆ ಬದು, ಬೇಲಿ, ಕೊಟ್ಟಿಗೆ ಗೋಡೆಯ ಬುಡ ಸುತ್ತಿ ಬನ್ನಿ. ಕಂಡ ಪ್ರತಿ ಬಿಲದ ಬಾಯಿಗೂ ಮುದುಡಿದ ಕಾಗದವನ್ನೋ ಹಿಡಿ ಮಣ್ಣನ್ನೋ ಸಡಿಲವಾಗಿ ತುರುಕಿ, ಪಕ್ಕದಲ್ಲಿ ಒಂದು ಕಡ್ಡಿ ನೆಡಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದು ವಾಸದ ಬಿಲ. ಅಂಚು ನುಣುಪಾಗಿ, ಜೇಡರ ಬಲೆ ಇಲ್ಲದೆ, ಮಣ್ಣು ಹಸಿಯಾಗಿದ್ದರೆ ಅನುಮಾನವೇ ಬೇಡ.

ಕಟ್ಟಡದ ಒಳಗೆ ಗೋಡೆಯಂಚಿನಲ್ಲಿ ಅಲ್ಲಲ್ಲಿ ಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಒಂದು ಗೇಣು ಅಗಲಕ್ಕೆ ತೆಳುವಾಗಿ ಉದುರಿಸಿಡಿ. ಬೆಳಿಗ್ಗೆ ಅದರಲ್ಲಿ ಹೆಜ್ಜೆ ಗುರುತೂ ನಡುವೆ ಬಾಲ ಎಳೆದ ಗೆರೆಯೂ ಕಾಣುತ್ತವೆ. ಇಲಿ ಬಯಲಲ್ಲಿ ನಡೆಯುವುದಿಲ್ಲ, ಗೋಡೆಗೆ ಮೈ ಒರೆಸಿಕೊಂಡೇ ಹೋಗುತ್ತದೆ. ಆದ್ದರಿಂದ ಹಳೆಯ ದಾರಿಯಲ್ಲಿ ಗೋಡೆಯ ಮೇಲೆ ಜಿಡ್ಡು ಜಿಡ್ಡಾದ ಕಪ್ಪು ಪಟ್ಟಿ ಬಿದ್ದಿರುತ್ತದೆ. ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ನಕ್ಷೆ ಬರೆದು ಗುರುತು ಹಾಕಿಕೊಳ್ಳಿ. ಬೋನು ಇಡುವಾಗ ಈ ನಕ್ಷೆಯೇ ಆಧಾರ.

## ಮೇವು, ನೆಲೆ, ದಾರಿ

ಎಷ್ಟು ಹಿಡಿದರೂ ತಿಂಗಳೊಳಗೆ ಮತ್ತೆ ಅಷ್ಟೇ ಆಗ್ತಾವೆ. ಯಾಕೆ ಹೀಗೆ?

ಅಲ್ಲಿರುವ ಊಟ ಎಷ್ಟು ಇಲಿಗೆ ಸಾಕಾಗುತ್ತದೋ ಅಷ್ಟಕ್ಕೆ ಸಂಖ್ಯೆ ಬಂದು ನಿಲ್ಲುತ್ತದೆ. ಒಂದು ದೊಡ್ಡ ಇಲಿಗೆ ದಿನಕ್ಕೆ 25ರಿಂದ 30 ಗ್ರಾಂ ಮೇವು ಸಾಕು. ಕೋಳಿ ತಟ್ಟೆಯ ಸುತ್ತ ಸಂಜೆ ಚೆಲ್ಲಿ ಉಳಿಯುವ ಅರ್ಧ ಕಿಲೋ ಕಾಳಿನಲ್ಲಿ ಹದಿನೈದಕ್ಕೂ ಹೆಚ್ಚು ಇಲಿ ಬದುಕುತ್ತವೆ. ಅವುಗಳಲ್ಲಿ ಹತ್ತನ್ನು ಹಿಡಿದರೆ ಉಳಿದವಕ್ಕೆ ಹೊಟ್ಟೆ ತುಂಬ ಊಟ, ಹುಟ್ಟಿದ ಮರಿ ಹೆಚ್ಚು ಉಳಿಯುತ್ತವೆ, ಸುತ್ತಲಿನವೂ ಖಾಲಿ ಬಿಲಕ್ಕೆ ಬಂದು ಸೇರುತ್ತವೆ. ಚೆಲ್ಲುವ ಕಾಳು ನಿಂತರೆ ಮಾತ್ರ ಹಿಡಿದದ್ದು ಲೆಕ್ಕಕ್ಕೆ ಬರುತ್ತದೆ.

ಕಾಳು, ಹಿಂಡಿ, ಬೂಸಾ ಎಲ್ಲಿ ಇಡಬೇಕು?

ಬಿಗಿ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ. ಪ್ಲಾಸ್ಟಿಕ್ ಡ್ರಮ್ಮನ್ನು ಅಂಚು ಸಿಕ್ಕಿದ ಕಡೆ ಕಡಿದು ತೂತು ಮಾಡುತ್ತವೆ. ಗೋಣಿ ಚೀಲದ ಮಾತಂತೂ ಆಡುವುದೇ ಬೇಡ. ಚೀಲದಲ್ಲೇ ಇಡಬೇಕಾಗಿ ಬಂದರೆ ನೆಲದಿಂದ 30 ಸೆಂಟಿಮೀಟರ್ ಎತ್ತರದ ಅಟ್ಟಣೆಯ ಮೇಲೆ, ಗೋಡೆಯಿಂದ 45 ಸೆಂಟಿಮೀಟರ್ ಈಚೆಗೆ ಪೇರಿಸಿ. ಹಿಂದಿನ ಸಂದಿನಲ್ಲಿ ಮನುಷ್ಯ ಅಡ್ಡವಾಗಿ ನುಸುಳಿ ನೋಡುವಂತಿರಬೇಕು. ಅಲ್ಲಿ ಕಣ್ಣು ಹಾಯದಿದ್ದರೆ ಗೂಡು ಕಟ್ಟುವುದೂ ಅಲ್ಲೇ.

ಕೋಳಿ, ದನಗಳಿಗೆ ಹಗಲು ತಿಂದು ಮುಗಿಸುವಷ್ಟೇ ಹಾಕಿ. ಕತ್ತಲಾಗುವ ಮುನ್ನ ತಟ್ಟೆ ಎತ್ತಿಡಿ, ಚೆಲ್ಲಿದ್ದನ್ನು ಗುಡಿಸಿ. ನೀರಿನ ಪಾತ್ರೆಯನ್ನೂ ರಾತ್ರಿ ಮುಚ್ಚಿಡುವುದು ಒಳ್ಳೆಯದು, ಒಣ ತಿಂಗಳಲ್ಲಿ ಕಂದು ಇಲಿಯನ್ನು ಹಿಡಿದಿಡುವುದು ನೀರೇ.

ಕೋಳಿ ಗೂಡಿಗೆ ಜಾಲರಿ ಹಾಕಿದ್ದೀವಿ, ಆದರೂ ಮೊಟ್ಟೆ, ಮರಿ ಹೋಗ್ತಾ ಇವೆ.

ಹಾಕಿರುವುದು ಬಹುಶಃ ಆರು ಮೂಲೆಯ ತೆಳು ಕೋಳಿ ಜಾಲರಿ. ಅದು ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ದೊಡ್ಡ ಇಲಿಗೆ 12 ಮಿಲಿಮೀಟರ್ ಸಂದು ಸಾಕು, ಸಣ್ಣ ಇಲಿಗೆ 6 ಮಿಲಿಮೀಟರ್. ಆದ್ದರಿಂದ 6 ಮಿಲಿಮೀಟರ್ ಕಣ್ಣಿನ, ಸುಮಾರು 1 ಮಿಲಿಮೀಟರ್ ದಪ್ಪ ತಂತಿಯ, ಬೆಸುಗೆ ಹಾಕಿದ ಸತುಲೇಪಿತ ಜಾಲರಿ ತನ್ನಿ.

ನೆಲದಡಿ ತೋಡಿ ಬರುವುದನ್ನು ತಡೆಯಲು ಗೂಡಿನ ಸುತ್ತ 30 ಸೆಂಟಿಮೀಟರ್ ಆಳದ ಕಾಲುವೆ ತೋಡಿ ಜಾಲರಿ ಇಳಿಸಿ, ತಳದಲ್ಲಿ ಅದನ್ನು ಹೊರಮುಖವಾಗಿ ಇನ್ನೂ 30 ಸೆಂಟಿಮೀಟರ್ ಮಡಚಿ ಹಾಸಿ ಮಣ್ಣು ಮುಚ್ಚಿ. ಇಲಿ ಗೋಡೆಗೆ ಒತ್ತಿಕೊಂಡೇ ತೋಡುತ್ತದೆ. ಕೆಳಗೆ ಜಾಲರಿ ಸಿಕ್ಕಾಗ ಹಿಂದೆ ಸರಿದು ದೂರದಿಂದ ತೋಡಲು ಅದಕ್ಕೆ ಹೊಳೆಯುವುದಿಲ್ಲ. ಒಳಮುಖವಾಗಿ ಮಡಚಿದರೆ ಇದೇ ಜಾಲರಿ ಕೆಲಸಕ್ಕೆ ಬಾರದು. ಬಾಗಿಲಿನ ಬುಡಕ್ಕೆ ಹೊರಗಡೆಯಿಂದ 30 ಸೆಂಟಿಮೀಟರ್ ಎತ್ತರದ ತಗಡು ಹೊಡೆಯಿರಿ, ಹೊಸ್ತಿಲ ಸಂದು 6 ಮಿಲಿಮೀಟರ್ ಮೀರಬಾರದು.

ಗೋಡೆ ತೂತನ್ನು ಏನಿಂದ ಮುಚ್ಚಿದರೆ ಮತ್ತೆ ಕೊರೆಯಲ್ಲ?

ತುಕ್ಕು ಹಿಡಿಯದ ಉಕ್ಕಿನ ಜಾಲರಿಯನ್ನು ಒಳಗೆ ಗಟ್ಟಿಯಾಗಿ ತುರುಕಿ, ಮೇಲೆ ಸಿಮೆಂಟ್ ಗಾರೆ. ಬಟ್ಟೆ, ಮರದ ತುಂಡು, ಉಬ್ಬುವ ಫೋಮ್ ಒಂದೇ ರಾತ್ರಿಗೆ ಹೋಗುತ್ತವೆ. ಪಾತ್ರೆ ತಿಕ್ಕುವ ಸಾದಾ ಕಬ್ಬಿಣದ ಜುಂಗು ತುಕ್ಕು ಹಿಡಿದು ಉದುರುತ್ತದೆ. ಒಳಗಿನ ಇಲಿಗಳನ್ನು ಬೋನಿನಿಂದ ತೆಗೆದ ಮೇಲೆಯೇ ಕೊನೆಯ ತೂತು ಮುಚ್ಚಿ. ಇಲ್ಲದಿದ್ದರೆ ಅವು ಗೋಡೆಯೊಳಗೇ ಸತ್ತು ನಾರುತ್ತವೆ, ಅಥವಾ ಹೊಸ ತೂತು ಕೊರೆಯುತ್ತವೆ.

ಗೊಬ್ಬರದ ಗುಂಡಿ ಬಿಟ್ಟೇ ಬಿಡಬೇಕಾ?

ಬೇಡ. ಬೇಯಿಸಿದ ಅಡುಗೆ, ಮಾಂಸ, ಎಣ್ಣೆ ಪದಾರ್ಥ ಹಾಕಬೇಡಿ. ತರಕಾರಿ ಸಿಪ್ಪೆಯನ್ನು ನಡುವೆ ಹೂತು ಹಾಕಿ. ವಾರಕ್ಕೊಮ್ಮೆ ತಿರುವಿ ತೇವ ಕಾಯ್ದುಕೊಳ್ಳಿ, ಕಲಕಿದ ರಾಶಿಯಲ್ಲಿ ಇಲಿ ಗೂಡು ಕಟ್ಟುವುದಿಲ್ಲ. ಪೆಟ್ಟಿಗೆಯಲ್ಲಿ ಮಾಡುವವರು ತಳಕ್ಕೂ ಜಾಲರಿ ಹಾಕಬೇಕು.

ಸೌದೆ ರಾಶಿ, ಪೊದೆ ಎಲ್ಲ ಮೊದಲು ತೆಗೆಯಬೇಕಾ, ಬೋನು ಮೊದಲು ಇಡಬೇಕಾ?

ಬೋನು ಮೊದಲು. ಉತ್ಸಾಹದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ನೆಲೆಯನ್ನು ಒಮ್ಮೆಲೇ ಕೆದಕಿದರೆ ಇಲಿಗಳು ದಿಕ್ಕಾಪಾಲಾಗಿ ಮನೆಯೊಳಗೂ ಪಕ್ಕದ ಜಮೀನಿಗೂ ನುಗ್ಗುತ್ತವೆ. ನೀವು ಬರೆದಿಟ್ಟ ನಕ್ಷೆಯೂ ವ್ಯರ್ಥವಾಗುತ್ತದೆ. ಕಾಳು ಮುಚ್ಚುವುದು ಮೊದಲ ದಿನವೇ ಆಗಲಿ. ನಂತರ ಎರಡು ಮೂರು ವಾರ ಬೋನು ಇಡಿ. ಹಿಕ್ಕೆ, ಹೆಜ್ಜೆ ಕಮ್ಮಿಯಾದ ಮೇಲೆ ರಾಶಿ ತೆಗೆಯಿರಿ. ಆಮೇಲೆ ಕಟ್ಟಡದ ಸುತ್ತ ಒಂದು ಮೀಟರ್ ನೆಲ ಬೋಳಾಗಿರಲಿ, ಸೌದೆ 30 ಸೆಂಟಿಮೀಟರ್ ಎತ್ತರದ ಕಲ್ಲಿನ ಮೇಲೆ ಇರಲಿ, ಸೂರಿಗೆ ತಾಗುವ ಕೊಂಬೆಗಳನ್ನು ಒಂದೂವರೆ ಮೀಟರ್ ಹಿಂದಕ್ಕೆ ಕತ್ತರಿಸಿ.

## ಬೋನು ಮತ್ತು ಇತರ ಉಪಾಯ

ಬೋನು ಇಟ್ಟು ವಾರವಾಯ್ತು. ಒಂದೂ ಬೀಳಲಿಲ್ಲ. ಎಲ್ಲಿ ತಪ್ಪಿದೆ?

ಇಲಿಗೆ ತನ್ನ ದಾರಿಯಲ್ಲಿ ಕಂಡ ಯಾವುದೇ ಹೊಸ ವಸ್ತುವಿನ ಮೇಲೂ ಅಂಜಿಕೆ. ಕೆಲವು ದಿನ ಅದರ ಸುತ್ತಲೇ ಸುತ್ತು ಹೊಡೆಯುತ್ತದೆ, ಮುಟ್ಟುವುದಿಲ್ಲ. ಮೊದಲ ರಾತ್ರಿಯೇ ಬೋನು ಹೂಡಿದರೆ ಒಂದೆರಡು ಎಳೆಯವು ಬೀಳಬಹುದು, ಹತ್ತಿರದಲ್ಲಿ ನೋಡಿದವು ಮತ್ತೆ ಅತ್ತ ಸುಳಿಯುವುದಿಲ್ಲ. ಆದ್ದರಿಂದ ನಾಲ್ಕೈದು ದಿನ ಹೂಡದ ಬೋನಿನ ಮೇಲೆ ತಿನಿಸು ಇಟ್ಟು ಬಿಡಿ. ಸತತ ಎರಡು ರಾತ್ರಿ ತಿನಿಸು ಖಾಲಿಯಾದರೆ ಆ ಸಂಜೆ ಎಲ್ಲ ಬೋನುಗಳನ್ನೂ ಒಟ್ಟಿಗೆ ಹೂಡಿ.

ಎರಡನೆಯ ತಪ್ಪು ಇಡುವ ರೀತಿ. ಸ್ಪ್ರಿಂಗ್ ಬೋನು ಗೋಡೆಗೆ ಅಡ್ಡಲಾಗಿ, ತಿನಿಸಿನ ತುದಿ ಗೋಡೆಗೆ ತಾಗುವಂತೆ ಇರಬೇಕು. ಆಗ ಎಡದಿಂದ ಬಂದರೂ ಬಲದಿಂದ ಬಂದರೂ ಇಲಿಯ ತಲೆ ತಿನಿಸಿನ ಮೇಲೇ ಬರುತ್ತದೆ. ಗೋಡೆಗೆ ಉದ್ದಕ್ಕೆ ಇಟ್ಟರೆ ಹಿಂಬದಿಯಿಂದ ಬಂದ ಇಲಿ ಅದನ್ನು ದಾಟಿ ಹೋಗುತ್ತದೆ, ಬಾಲವೋ ಕಾಲೋ ಸಿಕ್ಕಿ ನರಳುತ್ತದೆ. ಬೋನನ್ನು ತಂತಿಯಿಂದ ಕಟ್ಟಿ, ಇಲ್ಲದಿದ್ದರೆ ಎಳೆದುಕೊಂಡು ಹೋಗುತ್ತದೆ.

ತಿನಿಸು ಕಡಲೆ ಕಾಳಿನ ಗಾತ್ರ ಮೀರದಿರಲಿ. ಹೆಚ್ಚು ಇಟ್ಟರೆ ಅಂಚಿನಿಂದ ನೆಕ್ಕಿ ಹೋಗುತ್ತದೆ. ಜಜ್ಜಿದ ಶೇಂಗಾ, ಒಣ ಮೀನಿನ ಚೂರು ಇತ್ಯಾದಿ ನಡೆಯುತ್ತವೆ. ಚೂರನ್ನು ದಾರದಿಂದ ಬಿಗಿಯಾಗಿ ಕಟ್ಟಿದರೆ ಎಳೆಯದೆ ಬೇರೆ ದಾರಿಯಿಲ್ಲ. ಸುತ್ತ ಕಾಳು ಚೆಲ್ಲಿದ್ದರೆ ಯಾವ ತಿನಿಸಿಗೂ ಬೆಲೆ ಇಲ್ಲ.

ಮೂರನೆಯದು ಸಂಖ್ಯೆ. ಒಂದು ಕೊಟ್ಟಿಗೆಗೆ ಎರಡು ಬೋನು ಏನೇನೂ ಸಾಲದು. ಹತ್ತು ಹನ್ನೆರಡನ್ನು ಜೋಡಿ ಜೋಡಿಯಾಗಿ, ಎರಡು ಮೂರು ಮೀಟರ್ ಅಂತರದಲ್ಲಿ, ನಕ್ಷೆಯಲ್ಲಿ ಗುರುತಾದ ದಾರಿಗಳಲ್ಲೇ ಇಡಿ. ಕರಿ ಇಲಿಗೆ ಜಂತಿಯ ಮೇಲೆಯೇ ಬೋನು ಕಟ್ಟಿ. ಬೆಳಿಗ್ಗೆ ಎದ್ದ ಕೂಡಲೇ ನೋಡಿ.

ಕೈ ವಾಸನೆಗೆ ಇಲಿ ಬರುವುದಿಲ್ಲ ಎಂಬ ಮಾತಿದೆ. ಮನುಷ್ಯರ ನಡುವೆಯೇ ಬದುಕುವ ಇಲಿಗೆ ಆ ವಾಸನೆ ಹೊಸದಲ್ಲ. ಕೈಗವಸು ಬೇಕಾದದ್ದು ನಿಮ್ಮ ಆರೋಗ್ಯಕ್ಕೆ.

ಕೋಳಿ, ಬೆಕ್ಕು, ಮಕ್ಕಳ ಬೆರಳು ಸಿಕ್ಕಿಹಾಕಿಕೊಂಡರೆ?

ಬಯಲಲ್ಲಿ ಬೋನು ಇಡಲೇಬೇಡಿ. ಸುಮಾರು 45 ಸೆಂಟಿಮೀಟರ್ ಉದ್ದದ ಮರದ ಪೆಟ್ಟಿಗೆ ಮಾಡಿ, ಎರಡು ತುದಿಗೂ ಗೋಡೆಯ ಪಕ್ಕದ ಮೂಲೆಯಲ್ಲಿ 6ರಿಂದ 7 ಸೆಂಟಿಮೀಟರ್ ತೂತು ಕೊರೆಯಿರಿ. ಬೋನು ಒಳಗೆ, ತೂತಿನಿಂದ ಒಂದು ಗೇಣಾದರೂ ದೂರ. ಮೇಲೆ ಚಿಲಕವಿರುವ ಮುಚ್ಚಳ, ಅದರ ಮೇಲೊಂದು ಕಲ್ಲು. ಕತ್ತಲೆಯ ಸುರಂಗ ಇಲಿಗೂ ಇಷ್ಟ, ಹಾಗಾಗಿ ಬೀಳುವುದೂ ಹೆಚ್ಚು.

ಜೀವಂತ ಹಿಡಿದು ದೂರ ಬಿಟ್ಟು ಬಂದರೆ ಪಾಪ ಸುತ್ತಿಕೊಳ್ಳಲ್ಲ, ಅಲ್ವಾ?

ದಯೆಯ ಯೋಚನೆ ಸರಿ, ಫಲ ಮಾತ್ರ ಬೇರೆ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಇಲಿಗೆ ಬಿಲವಿಲ್ಲ, ಆಹಾರದ ಜಾಡಿಲ್ಲ. ಹೆಚ್ಚಿನವು ಕೆಲವೇ ದಿನಗಳಲ್ಲಿ ಹಸಿದೋ ಬೇಟೆಗೆ ಸಿಕ್ಕಿಯೋ ಸಾಯುತ್ತವೆ. ಬದುಕಿದ್ದು ಇನ್ನೊಬ್ಬರ ಕಣಜ ಸೇರುತ್ತದೆ, ರೋಗವನ್ನೂ ಒಯ್ಯುತ್ತದೆ. ಹಲವು ಕಡೆ ಹೀಗೆ ಬಿಡುವುದು ಕಾನೂನಿಗೂ ವಿರುದ್ಧ. ಸರಿಯಾಗಿ ಹೂಡಿದ ಬಲವಾದ ಸ್ಪ್ರಿಂಗ್ ಬೋನು ಕ್ಷಣದಲ್ಲಿ ಕೊಲ್ಲುತ್ತದೆ, ಇರುವ ದಾರಿಗಳಲ್ಲಿ ನೋವು ಕಡಿಮೆ ಇರುವುದು ಅದರಲ್ಲೇ. ಪಂಜರದ ಬೋನು ಇಟ್ಟವರು ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡಲೇಬೇಕು. ನೀರಿಲ್ಲದೆ ಬಿಸಿಲಲ್ಲಿ ಸಾಯಲು ಬಿಡುವುದು ಕ್ರೌರ್ಯ.

ಅಂಟು ಹಲಗೆ ಸುಲಭ ಅಂತಾರೆ?

ಬಳಸಬೇಡಿ. ಇಲಿ ಗಂಟೆಗಟ್ಟಲೆ ಚರ್ಮ ಕಿತ್ತುಕೊಂಡು ಒದ್ದಾಡುತ್ತದೆ. ಹಲ್ಲಿ, ಹಕ್ಕಿ, ಹಾವು, ಕೋಳಿ ಮರಿಯೂ ಅಂಟಿಕೊಳ್ಳುತ್ತವೆ. ಕೆಲವು ದೇಶಗಳಲ್ಲಿ ಸಾರ್ವಜನಿಕರು ಇದನ್ನು ಬಳಸುವುದೇ ನಿಷಿದ್ಧ.

ಎರಡು ಬೆಕ್ಕು ಸಾಕಿದರೆ ಸಾಲದಾ?

ಬೆಕ್ಕು ಸಣ್ಣ ಇಲಿಯನ್ನೂ ದೊಡ್ಡದರ ಮರಿಗಳನ್ನೂ ಹಿಡಿಯುತ್ತದೆ. ಅರ್ಧ ಕಿಲೋ ತೂಗುವ ಬೆಳೆದ ಇಲಿಯ ಗೊಡವೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದಿಲ್ಲ. ಬೆಕ್ಕಿಗಿಟ್ಟ ಊಟ ರಾತ್ರಿ ಉಳಿದರೆ ಅದೂ ಇಲಿಗೇ. ಹೊಲದ ಮಟ್ಟಿಗೆ ಕಣಜ ಗೂಬೆ ನಿಜವಾದ ನೆರವು, ಮರಿಯಿರುವ ಕಾಲದಲ್ಲಿ ಗೂಬೆ ಜೋಡಿ ಒಂದು ರಾತ್ರಿಯಲ್ಲಿ ಹಲವು ಇಲಿಗಳನ್ನು ಹೊತ್ತೊಯ್ಯುತ್ತದೆ. ಗೂಬೆ ಬರಲಿ ಎಂದು ಗೂಡು ಕಟ್ಟಿದವರು ಅದೇ ಜಮೀನಿನಲ್ಲಿ ವಿಷ ಇಡಬಾರದು.

ಶಬ್ದ ಮಾಡುವ ಯಂತ್ರ, ನುಸಿಗುಳಿಗೆ, ಪುದೀನ ಎಣ್ಣೆ, ಸಿಮೆಂಟ್ ಬೆರೆಸಿದ ಹಿಟ್ಟು, ಇವೆಲ್ಲ?

ಹಣ, ಸಮಯ ಎರಡೂ ನಷ್ಟ. ಕೇಳಿಸದ ಶಬ್ದಕ್ಕೆ ಇಲಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ, ಆ ಶಬ್ದ ಗೋಡೆ, ಚೀಲಗಳನ್ನು ದಾಟುವುದೂ ಇಲ್ಲ. ನುಸಿಗುಳಿಗೆಯ ಹಬೆ ಮನುಷ್ಯರಿಗೇ ಹಾನಿ. ಸಿಮೆಂಟ್ ಹಿಟ್ಟನ್ನು ನಂಬಿ ಕುಳಿತ ತಿಂಗಳಲ್ಲಿ ಇನ್ನೊಂದು ಸೂಲು ಆಗಿರುತ್ತದೆ.

## ವಿಷ

ಇಲಿ ಪಾಷಾಣಗಳಲ್ಲಿ ಏನು ವ್ಯತ್ಯಾಸ?

ರಕ್ತ ಹೆಪ್ಪುಗಟ್ಟದಂತೆ ಮಾಡುವವು ಒಂದು ಗುಂಪು. ಇವು ದೇಹದಲ್ಲಿ ವಿಟಮಿನ್ ಕೆ ಮತ್ತೆ ಬಳಕೆಗೆ ಬಾರದಂತೆ ತಡೆಯುತ್ತವೆ, ಒಳಗೇ ರಕ್ತ ಸೋರಿ ನಾಲ್ಕರಿಂದ ಹತ್ತು ದಿನಗಳಲ್ಲಿ ಇಲಿ ಸಾಯುತ್ತದೆ. ವಾರ್ಫರಿನ್‌ನಂಥ ಹಳೆಯವನ್ನು ಹಲವು ದಿನ ತಿನ್ನಬೇಕು. ಬ್ರೊಮಾಡಿಯೊಲೋನ್, ಬ್ರೊಡಿಫಾಕಮ್‌ನಂಥ ಹೊಸವು ಒಂದೆರಡು ಸಲ ತಿಂದರೂ ಸಾಕು. ಆದರೆ ಇವು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ, ಆ ಇಲಿಯನ್ನು ತಿಂದ ಗೂಬೆ, ಹದ್ದು, ಬೆಕ್ಕಿಗೂ ದಾಟುತ್ತವೆ.

ಸತುವಿನ ಫಾಸ್ಫೈಡ್ ಬೇರೆ ಬಗೆ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗಿ ಗಂಟೆಗಳಲ್ಲಿ ಕೊಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಹಳದಿ ರಂಜಕದ ಪೇಸ್ಟ್‌ಗೂ ಇಲ್ಲ, ಅದು ಮನುಷ್ಯರ ಪಿತ್ತಜನಕಾಂಗವನ್ನೇ ಹಾಳುಮಾಡುತ್ತದೆ. ಮಕ್ಕಳಿರುವ ಅಂಗಳಕ್ಕೆ ಇವೆರಡನ್ನೂ ತರಬೇಡಿ.

ಇಡಲೇಬೇಕು ಅನ್ನೋ ಪರಿಸ್ಥಿತಿ ಬಂದರೆ ಹೇಗೆ ಇಡೋದು?

ಬೋನು, ಮೇವು, ಜಾಲರಿ ಮೂರನ್ನೂ ಮಾಡಿ ಸೋತ ಮೇಲೆ ಮಾತ್ರ. ಬೀಗವಿರುವ, ನೆಲಕ್ಕೋ ಗೋಡೆಗೋ ಬಿಗಿದ ಪೆಟ್ಟಿಗೆಯೊಳಗೆ, ಸರಳಿಗೆ ಪೋಣಿಸಿದ ಗಟ್ಟಿ ಬಿಲ್ಲೆಯನ್ನು ಬಳಸಿ. ಸಡಿಲ ಕಾಳನ್ನು ಇಲಿ ಹೊತ್ತು ಎಲ್ಲೆಂದರಲ್ಲಿ ಬೀಳಿಸುತ್ತದೆ, ಕೋಳಿ ಹೆಕ್ಕುತ್ತದೆ. ಎಷ್ಟು ಪೆಟ್ಟಿಗೆ, ಎಷ್ಟು ಬಿಲ್ಲೆ ಎಂದು ಬರೆದಿಡಿ, ಪೊಟ್ಟಣದ ಮೇಲಿನ ಸೂಚನೆ ಮೀರಬೇಡಿ. ಒಂದೆರಡು ದಿನಕ್ಕೊಮ್ಮೆ ಸತ್ತ ಇಲಿ ಹುಡುಕಿ ಹೆಕ್ಕಿ. ಕೆಲಸ ಮುಗಿದ ದಿನ ಉಳಿದ ವಿಷವನ್ನೆಲ್ಲ ತೆಗೆಯಿರಿ, ವರ್ಷವಿಡೀ ಇಟ್ಟಿರಬೇಡಿ. ಪೊಟ್ಟಣ ಮೂಲ ಹೊದಿಕೆಯಲ್ಲೇ, ಬೀಗದೊಳಗೆ ಇರಲಿ. ಅಡುಗೆ ಡಬ್ಬಿಗೆ ಎಂದೂ ಸುರಿಯಬೇಡಿ.

ಬಿಲಕ್ಕೆ ಗುಳಿಗೆ ಹಾಕಿ ಮುಚ್ಚಿದರೆ ಒಂದೇ ದಿನದಲ್ಲಿ ಮುಗಿಯುತ್ತಂತೆ?

ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದರೆ ಸಾಕು, ಫಾಸ್ಫೀನ್ ಹೊರಡುತ್ತದೆ. ಬಿಲದ ಕವಲು ಮನೆಯ ಅಡಿಪಾಯದ ತನಕ ಹೋಗಿರಬಹುದು, ಅನಿಲ ಬಿರುಕುಗಳಲ್ಲಿ ಮೇಲೆ ಬರುತ್ತದೆ. ಹೀಗೆ ಮಲಗಿದಲ್ಲೇ ಮನೆಮಂದಿ ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ತರಬೇತಿ, ಪರವಾನಗಿ ಇರುವವರ ಕೆಲಸ ಇದು, ಅವರೂ ವಾಸದ ಮನೆ, ಕೊಟ್ಟಿಗೆಗಳ ಹತ್ತಿರ ಮಾಡಬಾರದು.

ನಾಯಿ ವಿಷ ತಿಂದುಬಿಟ್ಟಿತು. ಚೆನ್ನಾಗೇ ಓಡಾಡ್ತಿದೆ, ನಾಳೆ ನೋಡೋಣವಾ?

ಈಗಲೇ ಹೊರಡಿ, ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ರಕ್ತ ತೆಳುವಾಗಿಸುವ ವಿಷದ ಲಕ್ಷಣ ಮೂರರಿಂದ ಐದು ದಿನದ ಮೇಲೆ ಕಾಣುತ್ತದೆ, ಆಗ ಒಳಗೆ ರಕ್ತಸ್ರಾವ ಆಗಿರುತ್ತದೆ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷ. ಹೊಸ ಬಗೆಯ ವಿಷಕ್ಕೆ ಮೂರು ನಾಲ್ಕು ವಾರ ಕೊಡಬೇಕಾಗುತ್ತದೆ, ಗೆಲುವಾಗಿದೆ ಎಂದು ನಡುವೆ ನಿಲ್ಲಿಸಿದರೆ ಮತ್ತೆ ಸ್ರಾವ ಶುರುವಾಗುತ್ತದೆ. ಫಾಸ್ಫೈಡ್ ತಿಂದಿದ್ದರೆ ಅನ್ನ, ಹಾಲು ಏನೂ ಹಾಕಬೇಡಿ, ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ವಾಂತಿ ಮಾಡಿದರೆ ಗಾಳಿಯಾಡುವ ಕಡೆ ನಿಲ್ಲಿ, ಆ ಅನಿಲ ನಿಮಗೂ ವಿಷ.

ಮನುಷ್ಯರು ನುಂಗಿದ್ದರೆ ಬಲವಂತದಿಂದ ವಾಂತಿ ಮಾಡಿಸದೆ, ಉಪ್ಪು ನೀರು ಕುಡಿಸದೆ ನೇರ ಆಸ್ಪತ್ರೆಗೆ. ಆಗಲೂ ಪೊಟ್ಟಣ ಜೊತೆಗಿರಲಿ.

ಮೂರು ವಾರದಿಂದ ವಿಷ ತಿಂತಾನೇ ಇವೆ, ಕಮ್ಮಿ ಆಗ್ತಿಲ್ಲ.

ಮೊದಲು ತಿನ್ನುತ್ತಿರುವುದು ಯಾರು ಎಂದು ನೋಡಿ, ಬಸವನಹುಳು, ಜಿರಳೆ ಕೂಡ ಬಿಲ್ಲೆ ತಿನ್ನುತ್ತವೆ. ಹಿಟ್ಟಿನ ಹೆಜ್ಜೆ ಪರೀಕ್ಷೆ ಇಲ್ಲೂ ಸಾಕು. ಇಲಿಯೇ ಆಗಿದ್ದರೆ ಪೆಟ್ಟಿಗೆಗಳು ಕಮ್ಮಿ ಇರಬಹುದು, ಇಲ್ಲವೇ ಪಕ್ಕದಿಂದ ಹೊಸವು ಬರುತ್ತಿರಬಹುದು. ಇವೆರಡೂ ಅಲ್ಲವಾದರೆ ಆ ವಿಷಕ್ಕೆ ಜಗ್ಗದ ತಳಿ. ಅಂಥದ್ದು ಹಲವು ದೇಶಗಳಲ್ಲಿ ಇದೆ, ವಂಶವಾಹಿಯಲ್ಲೇ ಬಂದ ಗುಣ. ಪ್ರಮಾಣ ಏರಿಸುತ್ತ ಹೋಗುವುದು ತಪ್ಪು, ಬೋನಿಗೆ ಮರಳಿ. ಬೋನಿಗೆ ಜಗ್ಗದ ತಳಿ ಇಲ್ಲ.

## ಆರೋಗ್ಯ ಮತ್ತು ಶುಚಿ

ಇಲಿ ಜ್ವರ ಕಚ್ಚಿದರೆ ಮಾತ್ರ ಬರುತ್ತಾ?

ಇಲ್ಲ, ಅದು ಬರುವುದು ಹೆಚ್ಚಾಗಿ ಮೂತ್ರದಿಂದ. ಇಲಿಯ ಮೂತ್ರ ಬೆರೆತ ನೀರು, ಕೆಸರು ಗಾಯಕ್ಕೋ ಕಣ್ಣು ಬಾಯಿಗೋ ತಾಗಿದರೆ ರೋಗಾಣು ಒಳಸೇರುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಜ್ವರ, ಕಾಲಿನ ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತವೆ. ಕಣ್ಣು ಹಳದಿಯಾದರೆ, ಮೂತ್ರ ಕಮ್ಮಿಯಾದರೆ ಪ್ರಾಣಾಪಾಯ. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೊಟಿಕ್‌ನಿಂದ ಗುಣವಾಗುತ್ತದೆ, ಅದಕ್ಕಾಗಿ ವೈದ್ಯರಿಗೆ ಇಲಿಯ ಮಾತನ್ನು ನೀವೇ ಎತ್ತಿ. ಕೆಸರಿಗೆ ಇಳಿಯುವಾಗ ಗಂಬೂಟು ಹಾಕಿ, ಗಾಯಕ್ಕೆ ನೀರು ಇಳಿಯದ ಪಟ್ಟಿ ಕಟ್ಟಿ. ದನ, ನಾಯಿಗಳಿಗೂ ಈ ರೋಗ ತಗಲುತ್ತದೆ.

ಕಾಳಿನ ಕೋಣೆಯ ಹಿಕ್ಕೆ ಗುಡಿಸಿದರೆ ಆಯ್ತಲ್ಲ?

ಒಣದಾಗಿ ಗುಡಿಸಬೇಡಿ, ಧೂಳಿನೊಂದಿಗೆ ರೋಗಾಣು ಶ್ವಾಸಕ್ಕೆ ಹೋಗುತ್ತದೆ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗಿರಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಹಿಕ್ಕೆ ನೆನೆಯುವಂತೆ ಚಿಮುಕಿಸಿ, ಐದು ನಿಮಿಷ ಬಿಟ್ಟು ಕೈಗವಸು ಹಾಕಿ ಕಾಗದದಿಂದ ಒರೆಸಿ ತೆಗೆಯಿರಿ. ಬ್ಲೀಚಿಗೆ ಬೇರೆ ಯಾವ ಶುಚಿಕಾರಕವನ್ನೂ ಬೆರೆಸಬೇಡಿ.

ಸತ್ತ ಇಲಿ ಏನು ಮಾಡೋದು?

ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಇಲಿ ಹಿಡಿದು ಚೀಲ ಮಗುಚಿ ಕಟ್ಟಿ, ಇನ್ನೊಂದು ಚೀಲಕ್ಕೆ ಹಾಕಿ ಕಸಕ್ಕೆ ಕೊಡಿ. ಹೂಳುವುದಾದರೆ ಚೀಲ ಬೇಡ, ಬಾವಿ ತೊರೆಗಳಿಂದ ದೂರ, ನಾಯಿ ಕೆದಕದಂತೆ ಅರ್ಧ ಮೀಟರ್‌ಗೂ ಆಳ. ಗೊಬ್ಬರದ ಗುಂಡಿಗೆ ಎಸೆಯಬೇಡಿ.

## ಕೆಲಸ ನಡೆಯುತ್ತಿರುವಾಗ

ನಾವೊಬ್ಬರೇ ಮಾಡ್ತೀವಿ, ಪಕ್ಕದ ಜಮೀನಿನವರು ಸುಮ್ಮನಿದ್ದಾರೆ. ಪ್ರಯೋಜನ ಇದೆಯಾ?

ಕಟ್ಟಡಗಳ ಮಟ್ಟಿಗೆ ಪೂರ್ತಿ ಇದೆ, ಜಾಲರಿ ಹಾಕಿದ ಗೂಡಿಗೆ ಯಾರ ಇಲಿಯೂ ನುಗ್ಗದು. ಹೊಲದ ಮಟ್ಟಿಗೆ ಒಟ್ಟಿಗೆ ಮಾಡುವುದೇ ದಾರಿ. ಎಲ್ಲರೂ ಒಂದೇ ವಾರ, ಬೆಳೆ ತೆನೆಗಟ್ಟುವ ಮೊದಲು ಬೋನು ಇಡಿ. ಆ ಹೊತ್ತಿಗೆ ಹೊಲದಲ್ಲಿ ಮೇವು ಕಮ್ಮಿ, ಮರಿ ಹಾಕುವುದೂ ಕಮ್ಮಿ. ಕೊಯ್ಲಾದ ಮೇಲೆ ಹೊಲದ ಇಲಿಗಳು ಕಟ್ಟಡಗಳತ್ತ ಬರುತ್ತವೆ, ಅಷ್ಟರೊಳಗೆ ತೂತು ಮುಚ್ಚಿರಬೇಕು.

ಮುಗಿಯಿತು ಅಂತ ಯಾವಾಗ ಹೇಳಬಹುದು?

ಎರಡು ವಾರ ಸತತ ಹಿಟ್ಟಿನಲ್ಲಿ ಹೆಜ್ಜೆಯಿಲ್ಲ, ತುರುಕಿದ ಬಿಲ ತೆರೆದಿಲ್ಲ, ಬೋನಿನ ತಿನಿಸು ಹಾಗೇ ಇದೆ ಎಂದಾಗ. ಆಗ ಹಳೆಯ ಬಿಲಗಳನ್ನು ಅಗೆದು ಕುಸಿಯುವಂತೆ ಮಾಡಿ ಮಣ್ಣು ತುಳಿದು ಮುಚ್ಚಿ, ಇಲ್ಲದಿದ್ದರೆ ಹೊಸಬರಿಗೆ ಕಟ್ಟಿದ ಮನೆ ಸಿಕ್ಕಂತೆ. ಆಮೇಲೂ ತಿಂಗಳಿಗೊಂದು ಸಂಜೆ ಕಾಗದ, ಕಡ್ಡಿ ಹಿಡಿದು ಅದೇ ಸುತ್ತು ಹಾಕಿ, ಕೋಳಿ ಗೂಡಿನ ಹಿಂಭಾಗದಿಂದ ಶುರುಮಾಡಿ.